ಕಡಲಿಗೆ ಹೊರಡುವ ಮುನ್ನ ತಿಥಿ ನೋಡಿ

ಭಾನುವಾರ ಬೆಳಿಗ್ಗೆ ಏಳೂವರೆ. ಮುಲುಂಡ್ ಪಶ್ಚಿಮದ ಮೂರನೇ ಮಹಡಿಯ ಮನೆಯೊಂದರಲ್ಲಿ ಇಡ್ಲಿ ಬೇಯುತ್ತಿದೆ. ಮಕ್ಕಳು ಆಗಲೇ ಪ್ಲಾಸ್ಟಿಕ್ ಬಕೆಟ್ ಹಿಡಿದು ಬಾಗಿಲ ಬಳಿ ನಿಂತಾಗಿದೆ. ಎಲ್ಲಿಗೆ ಎಂಬುದೊಂದು ಮಾತ್ರ ತೀರ್ಮಾನವಾಗಿಲ್ಲ. ಜುಹೂ ಎಂದರೆ ಮಕ್ಕಳು ಕುಣಿಯುತ್ತವೆ, ಕಾರು ಓಡಿಸಬೇಕಾದವರು ಟ್ರಾಫಿಕ್ ನೆನೆದು ನಿಟ್ಟುಸಿರು ಬಿಡುತ್ತಾರೆ. ಅಲಿಬಾಗ್ ಎಂದರೆ ಒಂದು ದಿನ ಸಾಲದು. ಕುಂದಾಪುರದ ಕಡೆಯಿಂದ ಬಂದು ತಿಂಗಳಾದ ಅಜ್ಜಿಗೆ ಯಾವುದೂ ಒಪ್ಪಿಗೆಯಿಲ್ಲ. "ಇಲ್ಲಿದ್ ಕಡ್ಲಾ? ಕೆಸ್ರ್ ನೀರ್. ಕಡಲ್ ಕಾಣ್ಕಾರೆ ಮರವಂತಿಗೆ ಬನ್ನಿ."

ಮುಂಬೈಯ ಉಪನಗರಗಳಲ್ಲಿ ನೆಲೆಸಿದ ಕರಾವಳಿ ಕನ್ನಡಿಗರ ಮನೆಗಳಲ್ಲಿ ಈ ಮಾತು ಹೊಸದಲ್ಲ. ಎರಡೂ ಕಡೆ ಇರುವುದು ಅರಬ್ಬಿ ಸಮುದ್ರವೇ. ಹಾಗಿದ್ದೂ ಊರಿನ ಕಡಲು ಒಂದು ಥರ, ಮುಂಬೈಯದು ಇನ್ನೊಂದು ಥರ. ಊರಲ್ಲಿ ಕಡಲಿಗೆ ಹೋಗಲು ಹೊತ್ತು ನೋಡಬೇಕಾಗಿಲ್ಲ, ಯಾವಾಗ ಹೋದರೂ ಅದು ಇದ್ದಲ್ಲೇ ಇರುತ್ತದೆ. ಇಲ್ಲಿ ಬೆಳಿಗ್ಗೆ ಕಂಡ ಕಡಲತೀರ ಮಧ್ಯಾಹ್ನಕ್ಕೆ ಮಾಯವಾಗಿರಬಹುದು. ಮುಂಬೈಯಲ್ಲಿ "ಯಾವ ಬೀಚು" ಎಂದು ಕೇಳುವ ಮೊದಲು "ಎಷ್ಟು ಹೊತ್ತಿಗೆ" ಎಂದು ಕೇಳಬೇಕು. ಅದಕ್ಕೆ ಉತ್ತರ ಗೋಡೆಯ ಕ್ಯಾಲೆಂಡರಿನಲ್ಲಿದೆ.

ಮಿಠಾಗರ ರಸ್ತೆಯ ಗುಟ್ಟು

ಮುಲುಂಡಿಗೆ ಕಡಲತೀರವಿಲ್ಲ. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ, ಅದರಾಚೆ ಬೋರಿವಲಿ, ಮಲಾಡ್, ಆಮೇಲೆ ಸಮುದ್ರ. ಆದರೆ ಮುಲುಂಡಿಗೆ ಕಡಲಿನ ನಂಟೇ ಇಲ್ಲ ಎಂದುಕೊಂಡರೆ ತಪ್ಪು. ಸ್ಟೇಷನ್ನಿನ ಪೂರ್ವಕ್ಕೆ ಇಳಿದರೆ ಮಿಠಾಗರ ರೋಡ್ ಸಿಗುತ್ತದೆ. ದಿನವೂ ಅಲ್ಲಿ ತರಕಾರಿ ಕೊಳ್ಳುವವರೂ ಆ ಹೆಸರನ್ನು ಬಿಡಿಸಿ ನೋಡುವುದಿಲ್ಲ. ಮಿಠ್ ಅಂದರೆ ಮರಾಠಿಯಲ್ಲಿ ಉಪ್ಪು. ಆಗರ ನಮ್ಮದೇ ಶಬ್ದ. ಗೋಕರ್ಣದ ಹತ್ತಿರ ಸಾಣಿಕಟ್ಟೆಯಲ್ಲಿ ಇರುವುದೂ ಉಪ್ಪಿನ ಆಗರವೇ, ಅಲ್ಲಿ ತಲೆಮಾರುಗಳಿಂದ ಉಪ್ಪು ತೆಗೆದವರಿಗೆ ಆಗೇರರೆಂದೇ ಹೆಸರು.

ಮುಲುಂಡ್, ಭಾಂಡುಪ್, ಕಾಂಜೂರ್‌ಮಾರ್ಗದ ಪೂರ್ವಕ್ಕೆ ಉದ್ದಕ್ಕೂ ಉಪ್ಪಿನ ಗದ್ದೆಗಳು ಹಬ್ಬಿದ್ದವು, ಕೆಲವು ಈಗಲೂ ಕಾಣುತ್ತವೆ. ಅವುಗಳಿಗೆ ನೀರು ಕೊಟ್ಟದ್ದು ಥಾಣೆ ಖಾಡಿ. ಖಾಡಿ ಎಂದರೆ ನದಿಯಲ್ಲ, ಭೂಮಿಯ ಒಳಕ್ಕೆ ಚಾಚಿದ ಕಡಲಿನ ತೋಳು. ಮುಂಬೈ ಬಂದರಿನಿಂದ ಹೊರಟ ನೀರು ಉಬ್ಬರದ ಹೊತ್ತಿಗೆ ಮುಲುಂಡಿನ ಬೆನ್ನ ಹಿಂದೆ ಏರುತ್ತದೆ, ಇಳಿತಕ್ಕೆ ವಾಪಸು ಹೋಗುತ್ತದೆ.

ಹಾಗಾದರೆ ಇಲ್ಲಿ ಮರಳು ಏಕಿಲ್ಲ? ಮರಳ ದಂಡೆ ಕಟ್ಟುವುದು ಅಲೆ. ತೆರೆದ ಕಡಲಿನ ಅಲೆ ಸಣ್ಣ ಕಣಗಳನ್ನು ಜಾಲಾಡಿ ಒಯ್ದು, ಭಾರದ ಮರಳನ್ನು ದಡದಲ್ಲಿ ಬಿಡುತ್ತದೆ. ಖಾಡಿಯೊಳಗೆ ಅಲೆ ಬರುವುದಿಲ್ಲ. ನಿಧಾನಕ್ಕೆ ಬಂದ ನೀರು ನಿಧಾನಕ್ಕೆ ತನ್ನ ಕೆಸರನ್ನು ಕೆಳಗಿಳಿಸುತ್ತದೆ. ಕೆಸರಿನಲ್ಲಿ ಕಾಂಡ್ಲಾ ಗಿಡ ಬೇರೂರುತ್ತದೆ, ಬೇರು ಇನ್ನಷ್ಟು ಕೆಸರು ಹಿಡಿಯುತ್ತದೆ.

ಈ ಕೆಸರಿಗೂ ಅಭಿಮಾನಿಗಳಿದ್ದಾರೆ. ಚಳಿಗಾಲ ಶುರುವಾಗುತ್ತಿದ್ದಂತೆ ಬರುವ ರಾಜಹಂಸಗಳು, ಇಲ್ಲಿನವರ ಬಾಯಲ್ಲಿ ಫ್ಲೆಮಿಂಗೋಗಳು, ಇಲ್ಲಿನ ಪಾಚಿ ಮೇಯುತ್ತ ಬೇಸಗೆಯ ಕೊನೆಯವರೆಗೂ ಇರುತ್ತವೆ. 2015ರಲ್ಲಿ ಸರ್ಕಾರ ಇದನ್ನು ಥಾಣೆ ಖಾಡಿ ಫ್ಲೆಮಿಂಗೋ ಅಭಯಾರಣ್ಯವೆಂದು ಘೋಷಿಸಿತು, 2022ರಲ್ಲಿ ಅದು ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಮುಲುಂಡಿನಿಂದ ಸೇತುವೆ ದಾಟಿದರೆ ಐರೋಲಿ, ಅಲ್ಲಿ ಅರಣ್ಯ ಇಲಾಖೆಯ ಕೇಂದ್ರದಿಂದ ದೋಣಿ ಹೊರಡುತ್ತದೆ. ದೋಣಿಯ ಸಮಯ ದಿನಕ್ಕೊಂದು. ಹತ್ತು ಗಂಟೆಗೆ ಬನ್ನಿ ಎಂದು ವರ್ಷಕ್ಕೆಲ್ಲ ಒಂದೇ ಮಾತು ಹೇಳುವಂತಿಲ್ಲ, ಏಕೆಂದರೆ ದೋಣಿ ತೇಲಲು ಖಾಡಿಗೆ ನೀರು ಬರಬೇಕಲ್ಲ.

ಒಂದೇ ಸಮುದ್ರ, ಎರಡು ಅಳತೆ

ಅಜ್ಜಿಯ ತಕರಾರಿಗೆ ಬರೋಣ. ಮಲ್ಪೆ, ಮಂಗಳೂರಿನ ಕಡೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಇರುವ ವ್ಯತ್ಯಾಸ ಸುಮಾರು ಒಂದೂವರೆ ಮೀಟರ್. ಗಮನವಿಟ್ಟು ನೋಡಿದವರಿಗಷ್ಟೇ ಕಾಣುವ ಏರಿಳಿತ. ಮುಂಬೈಯಲ್ಲಿ ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಅದು ನಾಲ್ಕು ಮೀಟರ್ ದಾಟುತ್ತದೆ. ಒಂದು ಮಹಡಿಗಿಂತ ಹೆಚ್ಚು ಎತ್ತರದ ನೀರು ದಿನಕ್ಕೆ ಎರಡು ಸಲ ಬಂದು ಹೋಗುತ್ತದೆ. ಇನ್ನೂ ಉತ್ತರಕ್ಕೆ, ಗುಜರಾತಿನ ಖಂಭಾತ್ ಕೊಲ್ಲಿಯೊಳಗೆ ಹೋದರೆ ಹತ್ತು ಮೀಟರ್.

ಕಾರಣ ನೀರಿನಡಿಯ ನೆಲದಲ್ಲಿದೆ. ಮುಂಬೈಯಾಚೆ ಕಡಲು ಬಹುದೂರದವರೆಗೆ ಆಳವಿಲ್ಲ. 1974ರಲ್ಲಿ ತೈಲ ಸಿಕ್ಕ ಬಾಂಬೆ ಹೈ ದಡದಿಂದ ಸುಮಾರು 160 ಕಿ.ಮೀ. ದೂರದಲ್ಲಿದೆ, ಅಲ್ಲಿಯೂ ಆಳ ಎಪ್ಪತ್ತೈದು ಮೀಟರಿನಷ್ಟೇ. ದಕ್ಷಿಣಕ್ಕೆ ಬಂದಂತೆ ಈ ಆಳವಿಲ್ಲದ ಹಾಸು ಕಿರಿದಾಗುತ್ತದೆ. ಆಳದ ಕಡಲಿನಲ್ಲಿ ಉಬ್ಬರ ಸಣ್ಣದೇ. ಅದು ಅಗಲವಾದ ಹಾಸಿನ ಮೇಲೆ ಏರಿ, ಮುಂದೆ ಕೊಳವೆಯಂತೆ ಕಿರಿದಾಗುವ ಕೊಲ್ಲಿಯ ಕಡೆ ನುಗ್ಗುವಾಗ ನೀರಿಗೆ ಅಗಲಕ್ಕೆ ಹರಡಲು ಜಾಗವಿಲ್ಲದೆ ಮೇಲಕ್ಕೆ ಏಳುತ್ತದೆ. ಮುಂಬೈ ಆ ಹಾದಿಯ ಬಾಗಿಲಲ್ಲಿದೆ, ಮರವಂತೆ ಬಹಳ ಕೆಳಗಿದೆ.

ಇನ್ನು ಕೆಸರಿನ ಬಣ್ಣ. ಇಷ್ಟು ನೀರು ದಿನಕ್ಕೆ ನಾಲ್ಕು ಬಾರಿ ದಿಕ್ಕು ಬದಲಿಸಿ ಖಾಡಿಗಳೊಳಗೆ ನುಗ್ಗಿ ಹೊರಬರುವಾಗ ತಳದ ಕೆಸರು ತಳದಲ್ಲಿ ನಿಲ್ಲುವುದಾದರೂ ಹೇಗೆ? ಮಾಹಿಂ, ಥಾಣೆ, ವಸಾಯಿ ಖಾಡಿಗಳು ಅದನ್ನು ಕಲಕುತ್ತಲೇ ಇರುತ್ತವೆ. ಮರಳಿನ ಬಣ್ಣಕ್ಕೆ ಕಾರಣ ಬೇರೆ. ಮಹಾರಾಷ್ಟ್ರದ ಕಲ್ಲು ಲಾವಾ ಹೆಪ್ಪುಗಟ್ಟಿದ ಕಪ್ಪು ಕಲ್ಲು, ಸವೆದರೆ ಬೂದು ಮರಳೇ ಸಿಗುವುದು. ನಮ್ಮ ಕರಾವಳಿಯ ನದಿಗಳು ತಿಳಿಬಣ್ಣದ ಹಳೆಯ ಕಲ್ಲನ್ನು ಅರೆದು ತರುತ್ತವೆ, ಹೊಯ್ಗೆ ಬೆಳ್ಳಗಾಗುತ್ತದೆ. ಮುಂಬೈಯ ಒಳಚರಂಡಿಯ ಪಾಲೂ ಈ ನೀರಿನಲ್ಲಿದೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಆದರೆ ನೀರು ಕದಡಿರುವುದಕ್ಕೆಲ್ಲ ನಗರವೇ ಕಾರಣವೆಂದು ಬೈಯುವುದು ಅರ್ಧ ಮಾತ್ರ ನ್ಯಾಯ.

ಮುಕ್ಕಾಲಿನ ಲೆಕ್ಕ

ಮೀನುಗಾರ ಕೋಳಿಯರ ವಾಡೆಗಳಲ್ಲಿ, ಕೊಂಕಣದ ಹಳ್ಳಿಗಳಲ್ಲಿ ಒಂದು ಹಳೆಯ ಲೆಕ್ಕವಿದೆ. ತಿಥಿಯ ಸಂಖ್ಯೆಯನ್ನು ಮುಕ್ಕಾಲಿನಿಂದ ಗುಣಿಸಿ. ಬಂದದ್ದು ಭರತಿಯ ಗಂಟೆ. ಭರತಿ ಎಂದರೆ ಮರಾಠಿಯಲ್ಲಿ ಉಬ್ಬರ, ಓಹೋಟಿ ಎಂದರೆ ಇಳಿತ.

ಅಷ್ಟಮಿಯ ದಿನ ಎಂಟನ್ನು ಮುಕ್ಕಾಲಿನಿಂದ ಗುಣಿಸಿದರೆ ಆರು. ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರರ ಸುಮಾರಿಗೆ ಇನ್ನೊಮ್ಮೆ ನೀರು ತುಂಬಿರುತ್ತದೆ. ದಶಮಿಗೆ ಏಳೂವರೆ. ಹುಣ್ಣಿಮೆಗೆ ಹನ್ನೊಂದೂಕಾಲು. ಹುಣ್ಣಿಮೆ ಕಳೆದರೆ ಮತ್ತೆ ಪಾಡ್ಯದಿಂದ ಎಣಿಕೆ. ಭರತಿಯಿಂದ ಆರು ಗಂಟೆ ಚಿಲ್ಲರೆ ಆಚೆಗೆ ಸರಿದರೆ ಓಹೋಟಿ ಸಿಗುತ್ತದೆ. ಗಂಟೆಯೊಂದು ಹೆಚ್ಚುಕಮ್ಮಿಯಾಗುತ್ತದೆ, ಆದರೆ ಪಿಕ್ನಿಕ್ಕಿಗೆ ಅಷ್ಟು ಸಾಕು. ನಿಖರವಾಗಿ ಬೇಕೆನ್ನುವವರಿಗೆ ಪತ್ರಿಕೆಯಲ್ಲಿ, ಮೊಬೈಲಿನಲ್ಲಿ ನಿಮಿಷದ ಲೆಕ್ಕ ಇದ್ದೇ ಇದೆ.

ಇದು ಬರೀ ನಂಬಿಕೆಯಲ್ಲ. ಚಂದ್ರ ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗಿ ಹುಟ್ಟುತ್ತಾನೆ, ಉಬ್ಬರವೂ ಅಷ್ಟೇ ತಡ. ತಿಥಿ ಚಂದ್ರನ ಲೆಕ್ಕವೇ ಆದ್ದರಿಂದ ತಿಥಿಗೊಂದು ಮುಕ್ಕಾಲು ಗಂಟೆ ಸೇರುತ್ತ ಹೋಗುತ್ತದೆ. ಗಡಿಯಾರವಿಲ್ಲದ ಕಾಲದ ಮೀನುಗಾರರಿಗೆ ಬೇರೇನು ಬೇಕಿತ್ತು? ಆದರೆ ಈ ಸೂತ್ರ ಇಲ್ಲಿನ ದಡದ್ದು. ಇದನ್ನೇ ಹಿಡಿದುಕೊಂಡು ಖಂಭಾತ್ ಕೊಲ್ಲಿಗೆ ಹೋದರೆ ಕಾಲು ಕೆಸರಿನಲ್ಲಿ ಹೂತೀತು.

ಇನ್ನೆರಡು ಮಾತು ಕಲಿತರೆ ಪಾಠ ಮುಗಿಯಿತು. ಹುಣ್ಣಿಮೆ-ಅಮಾವಾಸ್ಯೆಯ ದೊಡ್ಡ ಉಬ್ಬರ ಉಧಾಣ, ಅಷ್ಟಮಿಯ ಹತ್ತಿರದ ಸೋಮಾರಿ ಉಬ್ಬರ ಭಾಂಗ. ಉಧಾಣದಲ್ಲಿ ನೀರು ಬಹಳ ಮೇಲೆ ಬರುತ್ತದೆ, ಬಹಳ ಹಿಂದಕ್ಕೂ ಹೋಗುತ್ತದೆ. ಭಾಂಗದಲ್ಲಿ ಎರಡೂ ಅರೆಮನಸ್ಸಿನದು. ಹಾಜಿ ಅಲಿ ದರ್ಗಾದ ದಾರಿ ಮುಳುಗುವುದನ್ನು ಕಾದು ನಿಂತು ನೋಡಿದ ಮುಂಬೈಕರರಿಗೆ ಇದೆಲ್ಲ ಗೊತ್ತು, ಹೆಸರು ಗೊತ್ತಿಲ್ಲ ಅಷ್ಟೆ.

ಮಳೆಗಾಲದಲ್ಲಿ ಉಧಾಣದ ದೊಡ್ಡ ಭರತಿ ಹಗಲಿನಲ್ಲೇ ಬೀಳುತ್ತದೆ. ನಾಲ್ಕೂವರೆ ಮೀಟರ್ ಮೀರುವ ದಿನಗಳ ಪಟ್ಟಿಯನ್ನು ಮಹಾನಗರ ಪಾಲಿಕೆ ಮೊದಲೇ ಪ್ರಕಟಿಸುವುದು ಅದಕ್ಕಾಗಿ. ಆ ಹೊತ್ತಿಗೆ ಜೋರು ಮಳೆ ಬಂದರೆ ಚರಂಡಿಯ ನೀರಿಗೆ ಕಡಲಿಗೆ ಇಳಿಯಲು ದಾರಿಯಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಮಳೆ ಸುರಿದಾಗ ಆಗಿದ್ದರಲ್ಲಿ ಮಧ್ಯಾಹ್ನದ ಭರತಿಯ ಪಾಲೂ ಇತ್ತು.

ಜುಹೂಗೆ ಮರಳಿಗಾಗಿ ಹೋಗಿ

ಮುಲುಂಡಿನಿಂದ ಜುಹೂಗೆ ಕಾರಿನಲ್ಲಿ ಹೋಗುವ ಹಟ ನನಗೆ ಅರ್ಥವಾಗಿಲ್ಲ. ಲೋಕಲ್ ಹಿಡಿದು ಘಾಟ್ಕೋಪರಿನಲ್ಲಿ ಇಳಿದು, 2014ರಿಂದ ಓಡುತ್ತಿರುವ ವರ್ಸೋವಾ ಮೆಟ್ರೋ ಹತ್ತಿ, ಕೊನೆಗೊಂದು ರಿಕ್ಷಾ ಮಾಡಿದರೆ ಆಯಿತು. ಹುಣ್ಣಿಮೆ ಅಥವಾ ಅಮಾವಾಸ್ಯೆಗೆ ಹತ್ತಿರದ ಭಾನುವಾರ ಆರಿಸಿಕೊಳ್ಳಿ. ಭರತಿ ಮಧ್ಯಾಹ್ನಕ್ಕೆ ಮುಗಿದು ಸಂಜೆ ಆರಕ್ಕೆ ನೀರು ದೂರ ಸರಿದಿರುತ್ತದೆ. ಒದ್ದೆ ಮರಳು ಗಟ್ಟಿಯಾಗಿ ಮೈದಾನದಂತೆ ಬಿದ್ದಿರುತ್ತದೆ. ಮಕ್ಕಳಿಗೆ ಕ್ರಿಕೆಟ್ಟು, ಹಿರಿಯರಿಗೆ ನಡಿಗೆ, ಎಲ್ಲರಿಗೂ ಭೇಲ್ಪುರಿ. ಅಷ್ಟಮಿಯ ಸಂಜೆ ಅದೇ ಜಾಗಕ್ಕೆ ಹೋದರೆ ಇಡೀ ಜನಸಂದಣಿ ಒಂದು ಪಟ್ಟಿಯಷ್ಟು ಮರಳಿಗೆ ಒತ್ತಿಕೊಂಡು ನಿಂತಿರುತ್ತದೆ.

ಸ್ನಾನಕ್ಕೆ ಮಾತ್ರ ಬೇಡ, ಪಾದ ಒದ್ದೆಯಾದರೆ ಸಾಕು. ಮಳೆಗಾಲದಲ್ಲಿ ಅದೂ ಬೇಡ. ನೀಲಿ ಬಲೂನಿನಂತೆ ದಡಕ್ಕೆ ಬಂದು ಬೀಳುವ ಬ್ಲೂ ಬಾಟಲ್ ಜೀವಿಗಳ ಬಾಲ ತಾಗಿದರೆ ಬರೆ ಎಳೆದಂತಾಗುತ್ತದೆ. ಮಕ್ಕಳು ಅದನ್ನೇ ಹೆಕ್ಕಲು ಓಡುತ್ತವೆ.

ಗಿರ್ಗಾಂವ್ ಚೌಪಾಟಿಗೆ ದಾದರಿನಲ್ಲಿ ಗಾಡಿ ಬದಲಿಸಿ ಚರ್ನಿ ರೋಡಿನಲ್ಲಿ ಇಳಿದರೆ ಎದುರಿಗೇ ಕಡಲು. ಲೋಕಮಾನ್ಯ ತಿಲಕರ ಅಂತ್ಯಕ್ರಿಯೆ 1920ರ ಆಗಸ್ಟ್ 1ರಂದು ನಡೆದದ್ದು ಈ ಮರಳಿನ ಮೇಲೆ. ಗಣಪತಿ ವಿಸರ್ಜನೆಯ ದಿನ ದೊಡ್ಡ ಮೂರ್ತಿಗಳು ಭರತಿಗಾಗಿ ಕಾಯುವುದನ್ನು ಇಲ್ಲಿ ನೋಡಬಹುದು. 2013ರ ವಿಸರ್ಜನೆಯಲ್ಲಿ ತೊರಕೆ ಮೀನು ಚುಚ್ಚಿ ಹಲವರು ಆಸ್ಪತ್ರೆ ಸೇರಿದ್ದರು.

ವರ್ಸೋವಾದ ಕಥೆ ಇವೆರಡಕ್ಕಿಂತ ಚೆಂದ. ಕಸದ ರಾಶಿಯಲ್ಲಿ ಹೂತುಹೋಗಿದ್ದ ಈ ತೀರವನ್ನು ವಕೀಲ ಅಫ್ರೋಜ್ ಶಾ 2015ರ ಅಕ್ಟೋಬರಿನಲ್ಲಿ ಗುಡಿಸಲು ಶುರು ಮಾಡಿದರು, ವಾರದಿಂದ ವಾರಕ್ಕೆ ಜನ ಸೇರಿದರು. 2018ರ ಮಾರ್ಚಿನಲ್ಲಿ ಆಲಿವ್ ರಿಡ್ಲಿ ಆಮೆಯ ಮರಿಗಳು ಅದೇ ಮರಳಿನಿಂದ ಎದ್ದು ಕಡಲಿಗೆ ಇಳಿದವು.

ಮರಳೇ ಬೇಡ, ಸುಮ್ಮನೆ ಕಡಲು ನೋಡಬೇಕು ಎನ್ನುವವರಿಗೆ ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್. ಅಲ್ಲಿ ಕಪ್ಪು ಬಂಡೆಗಳಷ್ಟೇ. ಹನೇಹಳ್ಳಿಯ ಕಥೆಗಾರ ಯಶವಂತ ಚಿತ್ತಾಲರು ದಶಕಗಳ ಕಾಲ ಇದ್ದದ್ದು ಅಲ್ಲಿಯೇ, ಕಡಲಿಗೆ ಮುಖ ಮಾಡಿದ ಮನೆಯಲ್ಲಿ. ಹನೇಹಳ್ಳಿಯೂ ಕಡಲಿಗೆ ಹತ್ತಿರವೇ. ಎರಡು ಕಡಲುಗಳ ನಡುವೆ ಬದುಕಿದ ಕನ್ನಡಿಗರ ಪಟ್ಟಿ ಮಾಡಿದರೆ ಅವರ ಹೆಸರು ಮೊದಲು ಬರುತ್ತದೆ.

ಅಕ್ಸಾದ ಸಮಾಧಾನ ನಂಬಬೇಡಿ

ಮಲಾಡಿನಾಚೆ ಮಢ್, ಅಕ್ಸಾ. ಮಾರ್ವೆಯಿಂದ ದೋಣಿಯಲ್ಲಿ ದಾಟಿದರೆ ಮನೋರಿ, ಅದರಾಚೆ ಗೊರಾಯಿ. ಮುಲುಂಡಿನಿಂದ ಇವು ಈಗ ಸುತ್ತುಬಳಸು. ಗೋರೆಗಾಂವ್-ಮುಲುಂಡ್ ಲಿಂಕ್ ರೋಡಿಗಾಗಿ ಉದ್ಯಾನದ ಗುಡ್ಡದಡಿಯ 4.7 ಕಿ.ಮೀ. ಜೋಡಿ ಸುರಂಗ ತೆರೆದ ದಿನ ಪಶ್ಚಿಮದ ಕಡಲು ಮುಲುಂಡಿಗೆ ಏಕಾಏಕಿ ಹತ್ತಿರವಾಗಲಿದೆ. ಅದಕ್ಕೇ ಅಕ್ಸಾದ ಬಗ್ಗೆ ಈಗಲೇ ಹೇಳಿಬಿಡುವುದು ಒಳ್ಳೆಯದು.

ಅಕ್ಸಾ ನೋಡಲು ಶಾಂತ. ನಗರದಲ್ಲಿ ಅತಿ ಹೆಚ್ಚು ಜೀವ ತೆಗೆದುಕೊಂಡ ಕುಖ್ಯಾತಿಯೂ ಅದರದ್ದೇ. ಅಲ್ಲಿನ ಮರಳ ತಳ ಸಮನಾಗಿಲ್ಲ, ಸ್ಥಿರವಾಗಿಯೂ ಇಲ್ಲ. ಮೊಣಕಾಲುದ್ದ ನೀರಿನಲ್ಲಿ ನಿಂತವನ ಮುಂದಿನ ಹೆಜ್ಜೆ ಗುಂಡಿಯಲ್ಲಿರಬಹುದು. ಅಲೆಗಳು ತಂದು ಸುರಿದ ನೀರು ಹಿಂದಿರುಗಲು ಕಿರಿದಾದ ದಾರಿ ಹುಡುಕಿ ಒಂದೇ ಕಡೆ ರಭಸದಿಂದ ಹೊರಗೆ ಹರಿಯುತ್ತದೆ. ಇಳಿತ ಸೇರಿದರೆ ಎಳೆತ ಇನ್ನೂ ಜೋರು. ಮೇಲಿನಿಂದ ನೋಡಿದರೆ ಆ ಜಾಗದಲ್ಲಿ ಅಲೆ ಒಡೆಯುವುದೇ ಇಲ್ಲ, ನೀರು ತೆಪ್ಪಗಿರುತ್ತದೆ. ಜನ ಇಳಿಯುವುದೂ ಅಲ್ಲಿಗೇ.

ಸಿಕ್ಕಿಕೊಂಡವರು ದಡದ ಕಡೆ ಈಜಿ ಸುಸ್ತಾಗುತ್ತಾರೆ. ದಡಕ್ಕೆ ಸಮಾನಾಂತರವಾಗಿ, ಎಡಕ್ಕೋ ಬಲಕ್ಕೋ ಈಜಿ ಆ ಹರಿವಿನಿಂದ ಹೊರಬಿದ್ದು ಆಮೇಲೆ ದಡ ಸೇರಬೇಕು. ಈಜು ಬಾರದವರು ಅಂಗಾತ ತೇಲುತ್ತ ಕೈ ಎತ್ತಿ ಕರೆಯಬೇಕು. ಗಿರ್ಗಾಂವ್, ದಾದರ್, ಜುಹೂ, ವರ್ಸೋವಾ, ಅಕ್ಸಾ, ಗೊರಾಯಿಗಳಲ್ಲಿ ಜೀವರಕ್ಷಕರಿದ್ದಾರೆ. ಅವರು ಸೀಟಿ ಊದಿದಾಗ ವಾದ ಮಾಡುವವರನ್ನು ಪ್ರತಿ ಸಲ ಕಾಣುತ್ತೇನೆ. "ನಾವು ಕರಾವಳಿಯವರು, ನಮಗೆ ಕಡಲು ಗೊತ್ತು" ಎನ್ನುವವರಲ್ಲಿ ನಮ್ಮವರೂ ಇರುತ್ತಾರೆ. ಗೊತ್ತಿರುವುದು ಒಂದೂವರೆ ಮೀಟರಿನ ಕಡಲು.

ಊರಾಚೆಗೆ ಮೂರು ಬಾಗಿಲು

ಮುಂಬೈಯೊಳಗಿನ ಬೀಚುಗಳಿಗೆಲ್ಲ ದೂರವಾದ ಮುಲುಂಡ್ ಮುಂಬೈಯ ಹೊರಗಿನ ಬೀಚುಗಳಿಗೆ ಹತ್ತಿರ. ನಗರದ ಅಂಚಿನಲ್ಲಿರುವುದರ ಲಾಭ ಅದು. ದಕ್ಷಿಣ ಮುಂಬೈಯವರು ಊರು ದಾಟುವಷ್ಟರಲ್ಲಿ ಮುಲುಂಡಿನವರು ತಿಂಡಿಗೆ ನಿಂತಿರುತ್ತಾರೆ.

ಮೊದಲ ಬಾಗಿಲು ಥಾಣೆಯ ಘೋಡ್‌ಬಂದರ್ ರಸ್ತೆ. ಅದು ಅಹಮದಾಬಾದ್ ಹೆದ್ದಾರಿ ಸೇರಿದರೆ ಮುಂದೆ ಪಾಲ್‌ಘರ್ ಜಿಲ್ಲೆ. ನನ್ನ ಮೆಚ್ಚಿನ ಕೇಳವಾ ಅಲ್ಲಿದೆ. ಉದ್ದನೆಯ ದಂಡೆ, ಬೆನ್ನಿಗೆ ಸುರು ಮರಗಳ ತೋಪು, ಅಂದರೆ ನಮ್ಮ ಗಾಳಿಮರ. ಪಕ್ಕದಲ್ಲಿ ಶೀತಲಾದೇವಿಯ ಗುಡಿ. ಮಧ್ಯಾಹ್ನದ ಬಿಸಿಲಿಗೆ ತೋಪಿನಲ್ಲಿ ಚಾಪೆ ಹಾಸಿ ಬುತ್ತಿ ಬಿಚ್ಚಬಹುದು, ಜುಹೂದಲ್ಲಿ ಈ ಸುಖವಿಲ್ಲ. ಇನ್ನೂ ಉತ್ತರಕ್ಕೆ ಚಿಕ್ಕು ತೋಟಗಳ ನಡುವೆ ಬೋರ್ಡಿ. ಗುಜರಾತಿನ ಗಡಿ ಹತ್ತಿರವಾಗಿ ಉಬ್ಬರ ಇನ್ನೂ ದೊಡ್ಡದು. ಓಹೋಟಿಯಲ್ಲಿ ಹೋದವರಿಗೆ ನೀರು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ. ಬೋರ್ಡಿ ಚೆನ್ನಾಗಿಲ್ಲ ಎಂದು ಬಂದು ಹೇಳಿದವರನ್ನು ಯಾವ ತಿಥಿಗೆ ಹೋಗಿದ್ದಿರಿ ಎಂದು ಕೇಳಿ.

ಎರಡನೆಯದು ಐರೋಲಿ ಸೇತುವೆ. ನವಿ ಮುಂಬೈ, ಪನ್ವೇಲ್, ಪೇಣ್ ದಾಟಿ ಅಲಿಬಾಗ್. 2024ರ ಜನವರಿ 12ರಂದು ತೆರೆದ 21.8 ಕಿ.ಮೀ. ಉದ್ದದ ಅಟಲ್ ಸೇತು ನಗರದವರಿಗೆ ವರ, ಮುಲುಂಡಿನವರಿಗೆ ಅದರ ಅಗತ್ಯವೇ ಇಲ್ಲ. ಕಾರು ಸಮೇತ ಕಡಲ ಮೇಲೆ ಹೋಗುವ ಆಸೆಯಿದ್ದರೆ ಭಾವುಚಾ ಧಕ್ಕಾದಿಂದ ಮಾಂಡವಾಕ್ಕೆ ರೋ-ರೋ ಹಡಗಿದೆ, 2020ರಿಂದ ಓಡುತ್ತಿದೆ. ಗೇಟ್‌ವೇಯಿಂದ ಹೊರಡುವ ಸಣ್ಣ ಬೋಟುಗಳು ಮಳೆಗಾಲದಲ್ಲಿ ಬಂದ್.

ಅಲಿಬಾಗಿನ ದಡದೆದುರು ನೀರಿನಲ್ಲಿ ನಿಂತ ಕೊಲಾಬಾ ಕೋಟೆ ಶಿವಾಜಿ ಕಟ್ಟಿಸಿದ್ದು, ಕಾನ್ಹೋಜಿ ಆಂಗ್ರೆಯ ನೌಕಾಬಲದ ನೆಲೆ. ಓಹೋಟಿಯಲ್ಲಿ ಅಲ್ಲಿಗೆ ನಡೆದೇ ಹೋಗಬಹುದು. ಅದಕ್ಕೆ ಉಧಾಣದ ಓಹೋಟಿ ಬೇಕು. ಹುಣ್ಣಿಮೆ-ಅಮಾವಾಸ್ಯೆಯ ಮರುದಿನಗಳಲ್ಲಿ ಬೆಳಿಗ್ಗೆ ಏಳು-ಎಂಟರ ಸುಮಾರಿಗೆ ಹೊರಟು, ನೀರು ತಿರುಗುವ ಮುನ್ನ ವಾಪಸಾಗಬೇಕು. ಕೋಟೆಯೊಳಗೆ ಹರಟೆಗೆ ಕುಳಿತರೆ ನೀರು ಮತ್ತೆ ಇಳಿಯುವವರೆಗೆ ಅಲ್ಲೇ ಠಿಕಾಣಿ. ಸಮೀಪದ ಕಿಹೀಂನಲ್ಲಿ ಪಕ್ಷಿತಜ್ಞ ಸಲೀಂ ಅಲಿ 1930ರಲ್ಲಿ ಗೀಜಗಗಳ ಸಂಸಾರ ಅಭ್ಯಸಿಸಿದರು. ನಾಗಾಂವ್‌ನಲ್ಲಿ ಈಗ ಜನ ಹೆಚ್ಚು, ಕಾಶಿದ್‌ನಲ್ಲಿ ಮರಳು ತಿಳಿ, ಮುರುಡ್‌ನಲ್ಲಿ ಜಂಜಿರಾ ಕೋಟೆ.

ಮೂರನೆಯ ಬಾಗಿಲು

ಅದು ಪಕ್ಕದ ಥಾಣೆ ಸ್ಟೇಷನ್. 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿಯಾದ ಮೇಲೆ ಮತ್ಸ್ಯಗಂಧಾ ಹತ್ತಿದರೆ ಮರುದಿನ ಬೆಳಕು ಹರಿಯುವ ಹೊತ್ತಿಗೆ ಕುಂದಾಪುರ, ಉಡುಪಿ. ಅದಕ್ಕೂ ಮೊದಲು ಘಟ್ಟ ಸುತ್ತಿ ಹೋಗುವ ಬಸ್ಸಿನಲ್ಲಿ ಊರು ಕಂಡವರಿಗೆ ಆ ಬೆಳಗಿನ ಬೆಲೆ ಗೊತ್ತು.

ಊರಿನಲ್ಲೂ ಈಗ ಆಯ್ಕೆ ಹೆಚ್ಚಾಗಿದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು 2020ರಲ್ಲಿ ಬ್ಲೂ ಫ್ಲ್ಯಾಗ್ ಮನ್ನಣೆ ಪಡೆದ ದೇಶದ ಮೊದಲ ಎಂಟು ತೀರಗಳಲ್ಲಿ ಸೇರಿದವು. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳನ್ನು ನೋಡಿದ ಮುಂಬೈ ಮಕ್ಕಳು ಅಂಧೇರಿಯ ಗಿಲ್ಬರ್ಟ್ ಹಿಲ್ ನೆನಪಿಸಿಕೊಂಡರೆ ಭೇಷ್ ಎನ್ನಬೇಕು. ಎರಡೂ ಲಾವಾ ತಣಿದು ಸೀಳಿ ಆದ ಕಂಬಗಳೇ. ದ್ವೀಪದ್ದು ಸುಮಾರು ಎರಡು ಕೋಟಿ ವರ್ಷ ಹೆಚ್ಚು ಹಳೆಯದು ಅಷ್ಟೆ. ಮಳೆಗಾಲದಲ್ಲಿ ಅಲ್ಲಿಗೂ ದೋಣಿ ಇಲ್ಲ. ಜೂನ್ ಬಂದರೆ ಊರಿನ ಕಡಲಿಗೂ ತಿಥಿ, ಹೊತ್ತು ಯಾವುದೂ ಲೆಕ್ಕಕ್ಕಿಲ್ಲ. ದೂರ ನಿಂತು ನೋಡಬೇಕು.

ಕಳೆದ ಬೇಸಗೆಯಲ್ಲಿ ಮಗಳನ್ನು ಮರವಂತೆಗೆ ಕರೆದೊಯ್ದಿದ್ದೆ. ಒಂದು ಬದಿಗೆ ಸೌಪರ್ಣಿಕಾ, ಇನ್ನೊಂದು ಬದಿಗೆ ಕಡಲು, ನಡುವೆ ಹೆದ್ದಾರಿ. ನನ್ನಪ್ಪ ಇಡೀ ದೃಶ್ಯ ತನ್ನದೇ ಆಸ್ತಿ ಎಂಬಂತೆ ತೋರಿಸುತ್ತಿದ್ದರು. ಮಗಳು ಬಕೆಟ್ ಹಿಡಿದು ಒಂದು ಗಂಟೆ ಕೂತಳು, ಎದ್ದು ನೋಡಿದಳು, ಮತ್ತೆ ಕೂತಳು.

"ಅಜ್ಜ, ನೀರು ಯಾವಾಗ ಹೋಗುತ್ತೆ?"

ಅಪ್ಪನಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಕಡಲನ್ನೊಮ್ಮೆ ನೋಡಿದರು, ಮೊಮ್ಮಗಳನ್ನೊಮ್ಮೆ ನೋಡಿದರು.

"ಅದ್ ಎಲ್ಲಿಗ್ ಹೋತ್ತ್ ಮಗಾ?"